ಒಣಬಟ್ಟೆ ಗುಡ್ಡದ ಆಚೆಗಿತ್ತು

ಮಾನ್ಯ ಸಂಪಾದಕರೇ,

ಮಳೆ ಕಡಿಮೆಯಾಗುತ್ತಿದ್ದ ಹಾಗೆ ನಮ್ಮ ಚಿಕ್ಕಮಗಳೂರು ಕಡೆ ಗುಡ್ಡದ ಓಟಗಳು ಶುರುವಾಗುತ್ತವೆ. ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ವಯಸ್ಸು 51. ನಾಲ್ಕು ವರ್ಷದಿಂದ ಓಡುತ್ತಿದ್ದೇನೆ. ಈ ಓಟಗಳು ನಮ್ಮ ಜಿಲ್ಲೆಯಲ್ಲಿ ನಡೆಯಬೇಕು, ಇನ್ನೂ ಜಾಸ್ತಿ ಜನ ಬರಬೇಕು ಅನ್ನುವುದು ನನ್ನ ಆಸೆ. ಆದರೆ ಗುಡ್ಡದ ಮೇಲಿನ ಚಳಿಮಳೆಗೆ ಯಾರ ಜೀವಕ್ಕೂ ಅಪಾಯ ಆಗಬಾರದು. ಅದಕ್ಕೇ ಈ ಪತ್ರ.

ಮ್ಯಾರಥಾನ್ ಅಂದರೆ 42.195 ಕಿ.ಮೀ. ಅದಕ್ಕಿಂತ ಉದ್ದದ ಓಟಕ್ಕೆ ಅಲ್ಟ್ರಾ ಅನ್ನುತ್ತಾರೆ. ಕಳೆದ ಅಕ್ಟೋಬರ್‌ನಲ್ಲಿ ನಾನು ಹೆಸರು ಕೊಟ್ಟಿದ್ದು 50 ಕಿ.ಮೀ.ಗೆ. ಸುತ್ತು ಹಾಕಿ ಹೊರಟಲ್ಲಿಗೇ ವಾಪಸ್ ಬರುವ ಓಟ ಅಲ್ಲ ಅದು. ಒಂದು ಊರಲ್ಲಿ ಹೊರಟು, ಗುಡ್ಡ ದಾಟಿ, ಇನ್ನೊಂದು ಊರಿನ ಶಾಲೆ ಮೈದಾನದಲ್ಲಿ ಮುಗಿಯುವುದು. ಇದರ ಖುಷಿಯೇ ಬೇರೆ. ನಮ್ಮಜ್ಜನ ಕಾಲದಲ್ಲಿ ಸಂತೆಗೆ, ನೆಂಟರ ಮನೆಗೆ ಹೀಗೇ ಗುಡ್ಡ ದಾಟಿ ಹೋಗುತ್ತಿದ್ದರು.

ಆದರೆ ಇಂಥ ಓಟದಲ್ಲಿ ಒಂದು ವಿಷಯ ಮರೆಯಬಾರದು. ಬೆಳಿಗ್ಗೆ ಒಣಬಟ್ಟೆ, ಟವೆಲ್, ಚಪ್ಪಲಿ ತುಂಬಿದ ಚೀಲವನ್ನು ಆಯೋಜಕರ ಕೈಗೆ ಕೊಡುತ್ತೇವೆ. ಅದು ಪಿಕಪ್ ಗಾಡಿಯಲ್ಲಿ ಸುತ್ತುರಸ್ತೆ ಹಿಡಿದು ಓಟ ಮುಗಿಯುವ ಊರಿಗೆ ಹೋಗುತ್ತದೆ. ನಡುವೆ, ಗುಡ್ಡದ ಮೇಲೆ, ನಮ್ಮ ಬೆನ್ನಮೇಲೆ ಏನಿದೆಯೋ ಅಷ್ಟೇ ನಮ್ಮದು.

ಓಟದ ಮೊದಲು ಕಳಿಸಿದ ಪಟ್ಟಿಯಲ್ಲಿ ಮಳೆ ಜಾಕೆಟ್, ಸೀಟಿ, ತಲೆಗೆ ಕಟ್ಟುವ ಟಾರ್ಚ್ ಕಡ್ಡಾಯ ಅಂತ ಬರೆದಿತ್ತು. ಹೊರಡುವಾಗ ಎದೆಯ ನಂಬರ್ ಮಾತ್ರ ನೋಡಿದರು. ಒಬ್ಬರ ಚೀಲವನ್ನೂ ಬಿಚ್ಚಿ ನೋಡಲಿಲ್ಲ.

ಮೊದಲ 25 ಕಿ.ಮೀ. ತೋಟದೊಳಗೆ. ಸಿಲ್ವರ್ ಓಕ್ ನೆರಳು, ಇಂಬಳದ ಕಾಟ, ಮೈತುಂಬ ಬೆವರು. ಆಮೇಲೆ ಕಾಡು ದಾಟಿ ಬೋಳುಗುಡ್ಡ ಹತ್ತಬೇಕು. 29ನೇ ಕಿ.ಮೀ.ನಲ್ಲಿ ಚೆಕ್‌ಪಾಯಿಂಟ್ ಇತ್ತು. ಜೀಪು ಅಲ್ಲಿಗೆ ಬರುವುದಿಲ್ಲ. ಇಬ್ಬರು ಹುಡುಗರು ನೀರಿನ ಕ್ಯಾನು, ಬಾಳೆಹಣ್ಣು, ಉಪ್ಪು ಹೊತ್ತುಕೊಂಡು ಹತ್ತಿದ್ದರು. ಪಾಪ, ಅವರೇ ನಡುಗುತ್ತಿದ್ದರು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ.

ಅಲ್ಲಿಂದ ಮುಂದೆ ಮಂಜು ಮುಚ್ಚಿತು. ಗಾಳಿಯ ಜೊತೆ ಮಳೆ ಅಡ್ಡಡ್ಡಲಾಗಿ ಹೊಡೆಯತೊಡಗಿತು. ಬೋಳುಗುಡ್ಡದಲ್ಲಿ ಒಂದು ಮರ ಇಲ್ಲ, ಮರೆ ಇಲ್ಲ. ದಾರಿ ತೋರಿಸಲು ಕಟ್ಟಿದ್ದ ರಿಬ್ಬನ್ ಹತ್ತು ಮಾರು ದೂರಕ್ಕೆ ಕಾಣುತ್ತಿರಲಿಲ್ಲ. ಎರಡು ಕಿ.ಮೀ. ಹೋಗಿರಬಹುದು, ಒಂದು ಬಂಡೆಗೆ ಒರಗಿ ಒಬ್ಬ ಹುಡುಗ ಕೂತಿದ್ದ. 25 ವರ್ಷ ಇರಬಹುದು. ತೋಳಿಲ್ಲದ ಬನಿಯನ್, ಚಡ್ಡಿ. "ಯಾಕಪ್ಪಾ ಕೂತೆ, ಚಳೀನಾ?" ಅಂದೆ. "ಏನಿಲ್ಲ ಅಂಕಲ್, ಐದು ನಿಮಿಷ" ಅಂದ. ಮಾತು ತೊದಲುತ್ತಿತ್ತು. ಚೀಲದ ಜಿಪ್ ಎಳೆಯಲು ಬೆರಳು ಬರುತ್ತಿರಲಿಲ್ಲ. ನಾನೇ ತೆಗೆದು ನೋಡಿದೆ. ಎರಡು ಚಾಕೊಲೇಟ್, ಒಂದು ಫೋನು, ಅಷ್ಟೇ. ಜಾಕೆಟ್ ಎಲ್ಲಿ ಅಂತ ಕೇಳಿದರೆ, ಮುಂದಿನ ಊರಿಗೆ ಹೋದ ಚೀಲದಲ್ಲಿ ಇದೆ ಅಂದ. ಬೆಳಿಗ್ಗೆ ಬಿಸಿಲಿತ್ತಲ್ಲ, ಭಾರ ಯಾಕೆ ಅಂತ ಅದರಲ್ಲೇ ಹಾಕಿಬಿಟ್ಟಿದ್ದ.

ನನಗೆ ಭಯವಾಯಿತು. ತೋಟದಲ್ಲಿ ಮೂವತ್ತು ಮಳೆಗಾಲ ಕಂಡವನು ನಾನು. ನಮ್ಮವ್ವ ಮಳೆಗೆ ಹೊದೆಯುವ ಗೊರಬು ಇಲ್ಲದೆ ಗದ್ದೆಗೆ ಇಳಿದದ್ದಿಲ್ಲ. ಅಪ್ಪ ಕಂಬಳಿ ಕೊಪ್ಪೆ ಇಲ್ಲದೆ ಗುಡ್ಡ ಹತ್ತಿದ್ದಿಲ್ಲ. ನಾನು ಓಡುವಾಗಲೂ ಪ್ಲಾಸ್ಟಿಕ್ ಕೊಪ್ಪೆ ಒಂದನ್ನು ಮಡಚಿ ಇಟ್ಟುಕೊಂಡಿರುತ್ತೇನೆ. ಅದನ್ನು ಅವನಿಗೆ ಸುತ್ತಿ, ಜಾಕೆಟ್ ನಾನು ಹಾಕಿಕೊಂಡು, ಅವನ ತೋಳು ನನ್ನ ಹೆಗಲಿಗೆ ಹಾಕಿಕೊಂಡು ಓಟದ ದಾರಿ ಬಿಟ್ಟು ಕೆಳಗಿಳಿದೆ. ಕೆಳಗೆ ತೋಟದ ಕೆಲಸಗಾರರ ಲೈನ್ ಮನೆಗಳಿವೆ ಅಂತ ನನಗೆ ಗೊತ್ತಿತ್ತು. ಬೆಂಗಳೂರಿನಿಂದ ಬಂದವರಿಗೆ ಅದು ಹೇಗೆ ಗೊತ್ತಾಗಬೇಕು?

ಮೊದಲ ಮನೆಯ ಅಕ್ಕ ಏನೂ ಕೇಳಲಿಲ್ಲ. ಒದ್ದೆ ಬಟ್ಟೆ ತೆಗೆಸಿ, ಗಂಡನ ಅಂಗಿ, ಪಂಚೆ ಕೊಟ್ಟು, ಕಂಬಳಿ ಹೊದಿಸಿ ಒಲೆ ಪಕ್ಕ ಕೂರಿಸಿದರು. ಬೆಲ್ಲದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಒಂದು ಗಂಟೆಯ ಮೇಲೆ ಅವನ ಮಾತು ಸರಿಯಾಯಿತು. ಆಗಲೇ ನನಗೆ ಉಸಿರು ಬಂದಿದ್ದು.

ನಮ್ಮ ಕಡೆ ಚಳಿಗೆ ಯಾರು ಸಾಯುತ್ತಾರೆ ಅಂತ ಕೇಳುವವರಿದ್ದಾರೆ. ಹಿಮ ಬೀಳಬೇಕಾಗಿಲ್ಲ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಚಿಕ್ಕಮಗಳೂರು ಪೇಟೆಗಿಂತ 800 ಮೀಟರ್‌ಗೂ ಹೆಚ್ಚು ಎತ್ತರ. ಅದರ ಮೇಲೆ ಗಾಳಿ, ಒದ್ದೆ ಬಟ್ಟೆ, ಸುಸ್ತಾದ ಮೈ. ಸುಸ್ತಾದವನು ಓಡುವುದು ಬಿಟ್ಟು ನಡೆಯುತ್ತಾನೆ, ಮೈಯ ಬಿಸಿ ಇನ್ನೂ ಇಳಿಯುತ್ತದೆ. ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಬಂದರೆ ಜೀವಕ್ಕೇ ಅಪಾಯ. ಮೊದಲು ನಡುಕ, ಆಮೇಲೆ ಬೆರಳು ಕೇಳುವುದಿಲ್ಲ, ಮಾತು ತೊದಲುತ್ತದೆ. ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಅದು ಇನ್ನೂ ಕೆಟ್ಟ ಸೂಚನೆ.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಗುಡ್ಡದ ಓಟ ಇತ್ತು. 172 ಜನ ಹೊರಟಿದ್ದರು. ಮೇಲೆ ಏರುವಾಗ ಗಾಳಿಮಳೆ, ಆಲಿಕಲ್ಲು ಹೊಡೆಯಿತು. 21 ಜನ ತೀರಿಕೊಂಡರು. ಎಷ್ಟೋ ಜನ ಮೈಮೇಲೆ ಹಾಕಿದ್ದು ತೆಳು ಅಂಗಿ, ಚಡ್ಡಿ. ಕೆಲವರ ಬೆಚ್ಚನೆ ಬಟ್ಟೆ ಇನ್ನೂ ತುಂಬಾ ಮುಂದಿನ ನಿಲ್ದಾಣಕ್ಕೆ ಹೋದ ಚೀಲಗಳಲ್ಲಿತ್ತು. ಅವತ್ತು ಆರು ಜನರನ್ನು ಉಳಿಸಿದ್ದು ಒಬ್ಬ ಕುರಿ ಕಾಯುವವನು. ತಾನು ತಂಗುತ್ತಿದ್ದ ಗುಹೆಗೆ ಕರೆದುಕೊಂಡು ಹೋಗಿ, ಬೆಂಕಿ ಹಾಕಿ ಕಾಪಾಡಿದ. ಅದನ್ನು ಓದಿದಾಗ ನನಗೆ ಆ ಲೈನ್ ಮನೆಯ ಅಕ್ಕನ ಮುಖವೇ ಕಣ್ಣಮುಂದೆ ಬಂತು.

ಹಾಗಾಗಿ ಓಟ ನಡೆಸುವವರಲ್ಲಿ ನನ್ನ ಕೋರಿಕೆ ಇದು. ಕಡ್ಡಾಯ ಅಂತ ಬರೆದದ್ದನ್ನು ಹೊರಡುವ ಜಾಗದಲ್ಲಿ ಪ್ರತಿಯೊಬ್ಬರ ಚೀಲ ಬಿಚ್ಚಿ ನೋಡಿ. ಮಳೆ ಜಾಕೆಟ್ ಇಲ್ಲದವರನ್ನು ಬಿಡಬೇಡಿ, ದೊಡ್ಡ ಓಟಗಾರರಾದರೂ ಸರಿ. ಫ್ರಾನ್ಸಿನ ಶಮೋನಿಯಿಂದ ಹೊರಡುವ ಯುಟಿಎಂಬಿ ಅನ್ನುವ ಹೆಸರಾಂತ ಗುಡ್ಡದ ಓಟದಲ್ಲಿ ಟೋಪಿ ಇರುವ ಮಳೆ ಜಾಕೆಟ್ಟೂ, ಮೈಗೆ ಸುತ್ತಿಕೊಳ್ಳುವ ತೆಳು ತುರ್ತು ಹೊದಿಕೆಯೂ ಕಡ್ಡಾಯ. ಆ ಹೊದಿಕೆ ಅಂಗೈಯಲ್ಲಿ ಹಿಡಿಸುತ್ತದೆ, ತೂಕವೇ ಇಲ್ಲ. ಇನ್ನು ಬೋಳುಗುಡ್ಡದ ಮೇಲೆ ಗಾಳಿಮಳೆ ಜೋರಿದ್ದರೆ ಆ ಭಾಗ ಬಿಟ್ಟು, ಕೆಳಗಿನ ತೋಟದ ದಾರಿಯಲ್ಲಿ ಓಡಿಸಿ. ದುಡ್ಡು ಕೊಟ್ಟವರು ಬೇಜಾರು ಮಾಡಿಕೊಳ್ಳಬಹುದು, ಮಾಡಿಕೊಳ್ಳಲಿ.

ಜೀಪು ಹೋಗದ ಜಾಗಕ್ಕೆ ಸುಮ್ನೆ ಇಬ್ಬರು ಹೊಸ ಹುಡುಗರನ್ನು ಕಳಿಸಿದರೆ ಸಾಲದು. ಅಲ್ಲಿ ಬೆಂಕಿ, ಬಿಸಿನೀರು, ನಾಲ್ಕು ಕಂಬಳಿ ಇರಬೇಕು. ದಾರಿ ಬಲ್ಲ ಆ ಊರಿನವರೇ ಇರಬೇಕು, ಅವರಿಗೆ ಅವತ್ತಿನ ಕೂಲಿ ಕೊಡಬೇಕು. ನಮ್ಮ ಗುಡ್ಡದ ಮಂಜು ಅವರಿಗೆ ಗೊತ್ತು ಅಲ್ವಾ?

ಆ ಹುಡುಗನ ಜೊತೆ ಹೋದ ತಿಂಗಳು ಆ ಮನೆಗೆ ಮತ್ತೆ ಹೋಗಿದ್ದೆ. ಅಂಗಿ, ಪಂಚೆ ತೊಳೆದು ಇಸ್ತ್ರಿ ಮಾಡಿಸಿ ತಂದಿದ್ದ. ಈ ಸಲ ಓಟ ಇದ್ದರೆ ಮೇಲೆ ಬಂದು ಒಲೆ ಹಾಕುತ್ತೀರಾ ಅಂತ ಅಕ್ಕನನ್ನು ಕೇಳಿದೆ. "ಹಿಂದಿನ ದಿನ ಒಂದು ಮಾತು ಹೇಳಿ ಅಣ್ಣಾ, ಸೌದೆ ಒಣಗಿಸಿ ಇಟ್ಟುಕೊಳ್ಳಬೇಕು" ಅಂದರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೋಟದ ರೈಟರ್, ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು