ಹಿಮದಲ್ಲಿ ಸೈಕಲ್: ದುಡ್ಡು ಮೊದಲು ಕೈ-ಕಾಲಿಗೆ ಹೋಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹಿಮ ಬೀಳೋ ಜಾಗಗಳಲ್ಲಿ ಸೈಕಲ್ ತುಳಿಯೋದರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯ ಕನ್ನಡದಲ್ಲಿ ಬರೋದೇ ಅಪರೂಪ, ಅದಕ್ಕೆ ಥ್ಯಾಂಕ್ಸ್. ಆದ್ರೆ ಲೇಖನ ಪೂರ್ತಿ ದಪ್ಪ ಟೈರಿನ ಫ್ಯಾಟ್ ಬೈಕ್ ಸುತ್ತಲೇ ತಿರುಗಿದೆ, ಅದೊಂದು ತಗೊಂಡ್ರೆ ಸಾಕು, ಮೈನಸ್ ಇಪ್ಪತ್ತರಲ್ಲೂ ಆರಾಮಾಗಿ ಹೋಗಬಹುದು ಅನ್ನೋ ಥರ ಇದೆ, ಇದನ್ನ ಓದಿ ಯಾರಾದ್ರೂ ಇದ್ದ ದುಡ್ಡೆಲ್ಲ ಸೈಕಲ್ಲಿಗೇ ಸುರಿದು ಕೈಗೆ ಮಾಮೂಲಿ ಗ್ಲೌಸ್ ಹಾಕ್ಕೊಂಡು ಹೊರಟುಬಿಟ್ರೆ ಅಂತ ನಂಗೆ ನಿಜವಾಗ್ಲೂ ಆತಂಕ ಆಯ್ತು. ಹಲವು ಚಳಿಗಾಲ ಹಿಮದಲ್ಲೇ ಸೈಕಲ್ ತುಳಿದವನಾಗಿ ಹೇಳ್ತೀನಿ, ದುಡ್ಡು ಮೊದಲು ಹೋಗಬೇಕಾದ್ದು ಕೈ-ಕಾಲಿಗೆ, ಆಮೇಲೆ ಟೈರಿಗೆ, ಸೈಕಲ್ಲಿಗೆ ಕೊನೇಲಿ.

ಯಾಕೆ ಅಂದ್ರೆ ಸೈಕಲ್ ಹೊರಟ ಕೂಡ್ಲೆ ಎದುರುಗಾಳಿ ಶುರುವಾಗತ್ತೆ, ಮರದ ಎಲೆ ಅಲ್ಲಾಡದ ದಿನವೂ. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 20 ಕಿ.ಮೀ. ಗಾಳಿ ಮುಖಕ್ಕೆ ಹೊಡೆದ್ರೆ ಚರ್ಮಕ್ಕೆ ಅದು ಮೈನಸ್ 30ರಷ್ಟು ಚಳಿ. ತೊಡೆ, ಎದೆ ಎಲ್ಲ ತುಳಿಯೋ ಶ್ರಮಕ್ಕೆ ತಾವೇ ಬಿಸಿ ಆಗ್ತವೆ, ಆದ್ರೆ ಬೆರಳುಗಳು ಹ್ಯಾಂಡಲ್ ಹಿಡ್ಕೊಂಡು ಅಲ್ಲಾಡದೆ ಕೂತಿರ್ತವೆ, ಜೊತೆಗೆ ದೇಹಕ್ಕೆ ಚಳಿ ಆದಾಗ ಅದು ಮೊದಲು ರಕ್ತ ಕಮ್ಮಿ ಮಾಡೋದೇ ಕೈ-ಕಾಲಿನ ತುದಿಗೆ. ಬೆರಳು ಮರಗಟ್ಟಿದ್ರೆ ಬ್ರೇಕ್ ಹಿಡಿಯೋಕಾಗಲ್ಲ, ಅಲ್ಲಿಗೆ ಎಷ್ಟು ಒಳ್ಳೇ ಬ್ರೇಕ್ ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ಅದಕ್ಕೇ ನನ್ನ ಲಿಸ್ಟಲ್ಲಿ ಮೊದಲು ಬರೋದು ಪೋಗೀಸ್, ಅಂದ್ರೆ ಹ್ಯಾಂಡಲ್ಲಿಗೇ ಕಟ್ಟೋ ದೊಡ್ಡ ಚೀಲದಂಥ ಕವರ್, ಕೈ ಅದರೊಳಗೆ ತೂರಿಸಿದ್ರೆ ಗೇರ್ ಬ್ರೇಕ್ ಎಲ್ಲ ಒಳಗೇ ಇರತ್ತೆ, ಗಾಳಿ ಒಳಗೆ ಬರಲ್ಲ, ತೆಳು ಉಣ್ಣೆ ಗ್ಲೌಸ್ ಹಾಕಿದ್ರೂ ಸಾಕಾಗತ್ತೆ. ಎಷ್ಟೇ ದಪ್ಪ ಇದ್ರೂ ಐದು ಬೆರಳಿನ ಗ್ಲೌಸ್ ಕಡು ಚಳಿಗೆ ಈ ಕವರಿನಷ್ಟು ಕೆಲಸ ಮಾಡಲ್ಲ.

ಕಾಲಿನ ವಿಷಯಕ್ಕೆ ಬಂದ್ರೆ, ಶೂ ಲಾಕ್ ಆಗೋ ಕ್ಲಿಪ್ ಪೆಡಲ್ ಕಡು ಚಳಿಗೆ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಶೂ ಅಡಿಯಲ್ಲಿರೋ ಲೋಹದ ತುಂಡು ಪಾದದ ಬಿಸೀನ ನೇರವಾಗಿ ಪೆಡಲ್ಲಿಗೆ ದಾಟಿಸತ್ತೆ, ಅದರ ಸಂದಿಗೆ ಹಿಮ ಮೆತ್ಕೊಂಡು ಲಾಕೇ ಆಗದಿರೋದು ಬೇರೆ. ಅಗಲವಾದ ಚಪ್ಪಟೆ ಪೆಡಲ್ ಹಾಕ್ಸಿ, ಒಂದು ಸೈಜ್ ದೊಡ್ಡ ಚಳಿಗಾಲದ ಬೂಟ್ ತಗೊಳ್ಳಿ. ಬೂಟ್ ಬಿಗಿಯಾಗಿದ್ರೆ ಎರಡು ಜೊತೆ ಕಾಲುಚೀಲ ಹಾಕಿದ್ರೂ ಪ್ರಯೋಜನ ಇಲ್ಲ, ಬೆಚ್ಚಗಿಡೋದು ಒಳಗಿನ ಗಾಳಿ, ಅದಕ್ಕೆ ಜಾಗ ಬೇಕು, ರಕ್ತ ಓಡಾಡೋಕೂ ಜಾಗ ಬೇಕು. ಬಟ್ಟೆ ಬಗ್ಗೆ ನಿಮ್ಮ ಲೇಖಕರು ಚೆನ್ನಾಗೇ ಬರೆದಿದ್ದಾರೆ. ಒಂದೇ ಮಾತು ಸೇರಿಸ್ತೀನಿ, ಒಳಗೆ ಹತ್ತಿ ಬನಿಯನ್ ಬೇಡ, ಉಣ್ಣೇದೇ ಇರ್ಲಿ, ಹೊರಡುವಾಗ ಸ್ವಲ್ಪ ಚಳಿ ಆಗ್ತಿದ್ರೆ ಬಟ್ಟೆ ಸರಿಯಾಗಿದೆ ಅಂತ ಅರ್ಥ, ಹೊರಡುವಾಗ್ಲೇ ಬೆಚ್ಚಗಿದ್ರೆ ಸ್ವಲ್ಪ ಹೊತ್ತಲ್ಲೇ ಬೆವರ್ತೀರ, ಆಮೇಲೆ ಎಲ್ಲಾದ್ರೂ ನಿಂತಾಗ ಅದೇ ಬೆವರು ಮೈನ ಕೊರೆಯತ್ತೆ.

ಇನ್ನು ಟೈರ್. ಫ್ಯಾಟ್ ಬೈಕ್ ಬಗ್ಗೆ ನಂಗೆ ಯಾವ ಸಿಟ್ಟೂ ಇಲ್ಲ, ಅದು ಅದ್ಭುತವಾದ ಸೈಕಲ್ಲೇ. 1980ರ ದಶಕದಲ್ಲಿ ಅಲಾಸ್ಕಾದ ಹಿಮದ ದಾರಿಗಳಲ್ಲಿ ರೇಸ್ ಮಾಡ್ತಿದ್ದವರು ಎರಡು ರಿಮ್ ಅಕ್ಕಪಕ್ಕ ಸೇರಿಸಿ ವೆಲ್ಡ್ ಮಾಡ್ಕೊಂಡು ಟೈರ್ ಅಗಲ ಮಾಡ್ಕೊಳ್ತಿದ್ರು, 2005ರಲ್ಲಿ ಸರ್ಲಿ ಕಂಪನಿಯ ಪಗ್ಸ್ಲಿ ಅನ್ನೋ ಫ್ಯಾಟ್ ಬೈಕ್ ಬಂದ ಮೇಲೆ ಅಂಗಡೀಲಿ ರೆಡಿಯಾಗಿ ಸಿಗೋ ಹಾಗಾಯ್ತು, 2014ರ ಜನವರಿಯಲ್ಲಿ ಡೇನಿಯಲ್ ಬರ್ಟನ್ ಅನ್ನೋರು ಅಂಥದೇ ಸೈಕಲ್ಲಲ್ಲಿ ದಕ್ಷಿಣ ಧ್ರುವಾನೇ ಮುಟ್ಟಿದ್ರು. ಆದ್ರೆ ಅದು ಹುಟ್ಟಿದ್ದು ಮೆತ್ತನೆ ಹಿಮದ ಮೇಲೆ ಹೂತುಹೋಗದೆ ತೇಲೋಕೆ, ನಾಲ್ಕು ಐದು ಇಂಚು ಅಗಲದ ಟೈರಲ್ಲಿ ಗಾಳಿ ತೀರಾ ಕಮ್ಮಿ ಇಟ್ಟು. ದಿನಾ ಆಫೀಸಿಗೋ ಕಾಲೇಜಿಗೋ ಹೋಗೋರಿಗೆ ಸಿಗೋದು ಹಿಮ ಗೋರಿದ ರಸ್ತೆ, ಅದರ ಮೇಲೆ ತೆಳ್ಳಗೆ ಗಾಜಿನ ಥರ ಕೂತಿರೋ ಐಸ್. ಮೊಳೆ ಇಲ್ಲದ ಟೈರ್ ಐದಿಂಚು ಅಗಲ ಇದ್ರೂ ಐಸ್ ಮೇಲೆ ಜಾರತ್ತೆ! ಅಲ್ಲಿ ಬೇಕಾಗಿರೋದು ಮಾಮೂಲಿ ಅಗಲದ್ದೇ ಸ್ಟಡ್ ಟೈರ್, ಅಂದ್ರೆ ರಬ್ಬರಿನಲ್ಲಿ ಸಣ್ಣ ಮೊಳೆ ಕೂರ್ಸಿರೋದು. ಮೊಳೆ ಟಂಗ್‌ಸ್ಟನ್ ಕಾರ್ಬೈಡ್‌ದಾ ಅಂತ ಕೇಳಿ ತಗೊಳ್ಳಿ, ಬರೀ ಸ್ಟೀಲಿಂದಾದ್ರೆ ಡಾಂಬರಿನ ಮೇಲೆ ಬೇಗ ಸವೀತವೆ. ಹೊಸ ಟೈರಾದ್ರೆ ಮೊದಲ 40-50 ಕಿ.ಮೀ. ಒಣ ರಸ್ತೇಲಿ ಜೋರಾಗಿ ಬ್ರೇಕ್ ಹಾಕದೆ ನಿಧಾನಕ್ಕೆ ಓಡ್ಸಿ, ಮೊಳೆ ಭದ್ರವಾಗಿ ಕೂರತ್ತೆ. ಒಂದೇ ಟೈರಿಗೆ ದುಡ್ಡಿದ್ರೆ ಮುಂದಿನ ಚಕ್ರಕ್ಕೇ ಹಾಕ್ಸಿ, ಹಿಂದಿನದು ಜಾರಿದ್ರೆ ಹೇಗೋ ಸಂಭಾಳಿಸಬಹುದು, ಮುಂದಿನದು ಜಾರಿದ್ರೆ ನೇರ ನೆಲಕ್ಕೇ.

ಟೈರಿನ ಗಾಳಿ ಬಗ್ಗೆ ಒಂದು ಮುಖ್ಯ ಲೆಕ್ಕ ಇದೆ, ಲೇಖನದಲ್ಲಿ ಇದು ಬರಲೇ ಇಲ್ಲ. ಮನೆಯೊಳಗೆ 20 ಡಿಗ್ರಿ ಬೆಚ್ಚಗಿರುವಾಗ ಫ್ಯಾಟ್ ಟೈರಿಗೆ 8 ಪಿಎಸ್ಐ (ಟೈರಿನ ಗಾಳಿಯ ಒತ್ತಡದ ಅಳತೆ) ಹೊಡೆದು ಮೈನಸ್ 20ಕ್ಕೆ ತಗೊಂಡು ಹೋದ್ರೆ ಟೈರ್ ಎಲ್ಲೂ ಲೀಕ್ ಆಗದೇನೆ ಅದು ಸುಮಾರು 5ಕ್ಕೆ ಇಳಿಯತ್ತೆ, ಗಾಳಿ ತಣ್ಣಗಾದಾಗ ಒತ್ತಡ ಕಮ್ಮಿ ಆಗೋದರಿಂದ. ಮೊದ್ಲೇ ಕಮ್ಮಿ ಗಾಳಿ ಇರೋ ಟೈರಲ್ಲಿ ಮೂರು ಪಿಎಸ್ಐ ಅಂದ್ರೆ ತುಂಬಾ ದೊಡ್ಡ ವ್ಯತ್ಯಾಸ. ಹಾಗಾಗಿ ಸೈಕಲ್ ಹೊರಗೆ ತಣ್ಣಗಾದ ಮೇಲೇ ಗಾಳಿ ಅಳೀಬೇಕು, ಅದೂ ಕಮ್ಮಿ ಒತ್ತಡ ಸರಿಯಾಗಿ ತೋರ್ಸೋ ಗೇಜಲ್ಲಿ.

ಅಂಗಡಿಯವರು ತಾವಾಗಿ ಹೇಳದೇ ಇರೋ ಇನ್ನೊಂದು ವಿಷಯ ಹಿಂದಿನ ಚಕ್ರದ ಫ್ರೀಹಬ್, ಅಂದ್ರೆ ತುಳಿದಾಗ ಚಕ್ರಾನ ತಿರುಗಿಸಿ, ತುಳಿಯೋದು ನಿಲ್ಲಿಸಿದಾಗ ಚಕ್ರ ತಾನೇ ತಿರುಗೋಕೆ ಬಿಡೋ ಭಾಗ. ಅದರೊಳಗೆ ಸಣ್ಣ ಸ್ಪ್ರಿಂಗಿನ ಮೇಲೆ ಕೂತಿರೋ ಹಲ್ಲುಗಳಿರ್ತವೆ, ಮಾಮೂಲಿ ಗ್ರೀಸ್ ಕಡು ಚಳಿಗೆ ಮೇಣದ ಹಾಗೆ ಗಟ್ಟಿಯಾಗಿ ಆ ಹಲ್ಲು ಎದ್ದು ಕಚ್ಚಿಕೊಳ್ಳೋದೇ ಇಲ್ಲ, ಪೆಡಲ್ ತಿರುಗ್ತಾ ಇರತ್ತೆ ಸೈಕಲ್ ನಿಂತಲ್ಲೇ ನಿಂತಿರತ್ತೆ. ಜನ ಇಲ್ಲದ ಕಡೆ ಕತ್ತಲಲ್ಲಿ ಹೀಗಾದ್ರೆ ತುಳಿಯೋದು ನಿಂತು ಮೈಯ ಬಿಸಿಯೂ ಇಳಿಯೋಕೆ ಶುರುವಾಗತ್ತೆ, ಅದಕ್ಕೇ ಇದನ್ನ ಇಷ್ಟು ಒತ್ತಿ ಹೇಳ್ತಿರೋದು. ಚಳಿಗಾಲಕ್ಕೆ ಮುಂಚೇನೇ ಮೆಕ್ಯಾನಿಕ್ ಹತ್ರ ಫ್ರೀಹಬ್ ಬಿಚ್ಚಿಸಿ, ಹಳೇ ಗ್ರೀಸ್ ತೊಳೆಸಿ, ಚಳಿಗೆ ಗಟ್ಟಿಯಾಗದ ತೆಳು ಗ್ರೀಸೋ ಎಣ್ಣೆಯೋ ಹಾಕ್ಸಿ. ಮುಂದಿನ ಚಕ್ರ ಹಿಡಿದಿರೋ, ಶಾಕ್ ಇರೋ ಫೋರ್ಕಿಗೂ ಇದೇ ಕಥೆ, ಒಳಗಿನ ಎಣ್ಣೆ ಗಟ್ಟಿಯಾಗಿ ಅದು ಕೆಲಸಾನೇ ಮಾಡಲ್ಲ, ಶಾಕ್ ಇಲ್ಲದ ಸಾದಾ ಫೋರ್ಕೇ ವಾಸಿ. ಬ್ರೇಕು ಡಿಸ್ಕ್ ಇರ್ಲಿ, ರಿಮ್ ಹಿಡಿಯೋ ಬ್ರೇಕ್ ಹಿಮ ಮೆತ್ತಿದಾಗ ಹಿಡಿಯೋದು ಕಷ್ಟ. ಕೇಬಲ್ ಇರೋದಾದ್ರೆ ಅದರೊಳಗೆ ನೀರು ಸೇರದ ಹಾಗೆ ನೋಡ್ಕೊಳ್ಳಿ, ಹಿಮ ಮೆತ್ತಿದ ಸೈಕಲ್ ಬೆಚ್ಚಗಿನ ಮನೆಯೊಳಗೆ ನಿಲ್ಸಿದ್ರೆ ಹಿಮ ಕರಗಿ ನೀರು ಕೇಬಲ್ಲೊಳಗೆ ಇಳಿದು ಬೆಳಿಗ್ಗೆ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿರತ್ತೆ, ಒಂದೋ ಪೂರ್ತಿ ಒರೆಸಿ ಒಣಗಿಸಿ, ಇಲ್ಲಾ ಹೊರಗೆ ತಣ್ಣಗಿರೋ ಶೆಡ್ಡಲ್ಲೇ ಬಿಡಿ. ರಸ್ತೆಗೆ ಉಪ್ಪು ಸುರಿಯೋ ಕಡೆ ಚೈನ್ ಬೇಗ ತುಕ್ಕು ಹಿಡಿಯತ್ತೆ, ಒರೆಸಿ ಎಣ್ಣೆ ಬಿಡೋದು ತಪ್ಪಿಸಬಾರದು.

ಎಲೆಕ್ಟ್ರಿಕ್ ಸೈಕಲ್ಲಿನೋರು ಬ್ಯಾಟರಿ ರಾತ್ರಿ ಮನೆಯೊಳಗೆ ಇಡಿ. ಚಳೀಲಿ ಅದು ಕಮ್ಮಿ ದೂರ ಬರತ್ತೆ ಅನ್ನೋದು ಸಣ್ಣ ತೊಂದ್ರೆ, ಸೊನ್ನೆಗಿಂತ ಕೆಳಗೆ ತಣ್ಣಗಿರೋ ಲಿಥಿಯಂ ಬ್ಯಾಟರಿ ಚಾರ್ಜಿಗೆ ಹಾಕಿದ್ರೆ ಒಳಗೇ ಶಾಶ್ವತವಾಗಿ ಹಾಳಾಗೋದು ದೊಡ್ಡ ತೊಂದ್ರೆ, ಅದು ಬೆಚ್ಚಗಾಗೋವರೆಗೂ ಕಾಯ್ಲೇಬೇಕು. ಚಳಿಗಾಲದಲ್ಲಿ ಕತ್ತಲೂ ಬೇಗ ಆಗೋದರಿಂದ ಲೈಟಿನ ಬ್ಯಾಟರಿಗೂ ಇದೇ ಮಾತು, ಒಂದು ಹೆಚ್ಚಿನದನ್ನ ಒಳ ಜೇಬಲ್ಲಿಟ್ಟುಕೊಂಡಿರಿ.

ಫಿನ್‌ಲ್ಯಾಂಡಿನ ಔಲು ಊರಲ್ಲಿ 2013ರಲ್ಲಿ ಚಳಿಗಾಲದ ಸೈಕ್ಲಿಂಗಿಗೇ ಅಂತ ಅಂತರರಾಷ್ಟ್ರೀಯ ಸಮ್ಮೇಳನ ನಡೀತು, ಅಲ್ಲಿ ಸೈಕಲ್ ದಾರಿಯ ಹಿಮಾನ ಚಳಿಗಾಲ ಪೂರ್ತಿ ಗೋರ್ತಾರೆ, ಶಾಲೆ ಮಕ್ಕಳಿಂದ ಹಿಡಿದು ವಯಸ್ಸಾದೋರ ತನಕ ಮಾಮೂಲಿ ಸೈಕಲ್ಲಲ್ಲೇ ಓಡಾಡ್ತಾರೆ. ನಿಮ್ಮ ಪತ್ರಿಕೆಯಲ್ಲಿ ಮುಂದೆ ಈ ವಿಷಯ ಬರೆಸೋದಾದ್ರೆ ಅಂಥ ದಿನನಿತ್ಯದ ಸವಾರರನ್ನೇ ಮಾತಾಡ್ಸಿ ಬರೆಸಿ, ಪೋಗೀಸ್ ಮತ್ತೆ ಸ್ಟಡ್ ಟೈರಿನ ಫೋಟೋ ದೊಡ್ಡದಾಗಿ ಹಾಕಿ ಅಂತ ಕೇಳ್ಕೊಳ್ತೀನಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ