ಬೂಟಿನ ಮೇಲಿನ ‘400 ಗ್ರಾಂ’ ತೂಕವಲ್ಲ

ಮಾನ್ಯರೇ,

ಚಳಿಗಾಲದ ಬೂಟಿನ ಮೇಲೆ ‘200 ಗ್ರಾಂ’, ‘400 ಗ್ರಾಂ’ ಎಂದು ಬರೆದಿದ್ದರೆ ಅದು ಬೂಟಿನ ತೂಕವಲ್ಲ. ಒಳಗಿನ ಕೃತಕ ನಾರಿನ ಹಾಸು ಒಂದು ಚದರ ಮೀಟರಿಗೆ ಎಷ್ಟು ತೂಗುತ್ತದೆ ಎಂಬ ಲೆಕ್ಕ. ಥಿನ್ಸುಲೇಟ್‌ನಂಥ ಹಾಸಿನಲ್ಲಿ ಅತಿಸಣ್ಣ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಶಾಖವನ್ನು ತಡೆಯುವುದು.

ಬೀದರ್‌ನಲ್ಲಿ ಬೆಳಗಿನ ಜಾವ 10 ಡಿಗ್ರಿಯ ಆಸುಪಾಸಿಗೆ ಇಳಿದರೂ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಹಾಲು, ಪೇಪರ್ ಹಾಕುವವರಿಗೆ 200 ಧಾರಾಳ. ಹೆಚ್ಚಾದರೆ ಕಾಲು ಬೆವರಿ, ಒದ್ದೆ ಕಾಲುಚೀಲವೇ ಚಳಿ ಹಿಡಿಸುತ್ತದೆ. 800 ಏನಿದ್ದರೂ ಲೇಹ್‌ನಲ್ಲಿ ಕಾವಲು ನಿಲ್ಲುವವರಿಗೆ!

ಅಂಗಡಿಯವರು ಹೇಳದ ಮಾತೊಂದಿದೆ: ಅಂಗಾಲಿನ ಕೆಳಗೆ ಈ ಹಾಸು ಹೆಚ್ಚು ಕೆಲಸ ಮಾಡದು. ಮೈಭಾರಕ್ಕೆ ಚಪ್ಪಟೆಯಾಗಿ ಗಾಳಿ ಹೊರಹೋಗುತ್ತದೆ. ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ ನಿಂತು ದುಡಿಯುವವರು ಉಣ್ಣೆಯ ಫೆಲ್ಟ್ (ನಾರು ಒತ್ತಿ ಮಾಡಿದ ದಪ್ಪ ಬಟ್ಟೆ) ಅಥವಾ ಇವಿಎ ಎಂಬ ರಬ್ಬರಿನಂಥ ಗಟ್ಟಿ ಫೋಮಿನ ಒಳಅಟ್ಟೆ ಹಾಕಿಕೊಳ್ಳಬೇಕು. ಅದಕ್ಕೆ ಅರ್ಧ ಸೈಜ್ ದೊಡ್ಡ ಬೂಟೇ ಬೇಕು. ಬಿಗಿ ಬೂಟಿನಲ್ಲಿ ಎರಡು ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತವೆ.

ಒದ್ದೆಯಾದ ಬೂಟನ್ನು ಒಲೆಯ ಮುಂದಿಡಬೇಡಿ, ಅಂಟು ಬಿಡುತ್ತದೆ. ಒಳಅಟ್ಟೆ ತೆಗೆದು, ಹಳೆ ಪತ್ರಿಕೆ ತುಂಬಿ, ಎರಡು ತಾಸಿಗೊಮ್ಮೆ ಬದಲಿಸುತ್ತ ನೆರಳಲ್ಲಿ ಒಣಗಿಸಿ.

– ಓದುಗ, ಬೀದರ್