ಕೋಡಿ ಬೆಂಗ್ರೆಗೆ ಹೋಗುವವರಲ್ಲಿ ಒಂದು ಮನವಿ

ಮಾನ್ಯ ಸಂಪಾದಕರೇ,

ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಗೆ ಈಚೆಗೆ ಪ್ರವಾಸಿಗರು ಜಾಸ್ತಿ ಆಗಿದ್ದಾರೆ. ನಾನೂ ಬೆಂಗಳೂರಿನಿಂದ ಹಾಗೇ ಹೋದವನು. ಮಲ್ಪೆಯಿಂದ ಹೂಡೆ ದಾಟಿ ಹೋದರೆ ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ ಹೊಳೆ, ನಡುವೆ ತೆಂಗು ಮತ್ತು ಮನೆಗಳು, ಅಷ್ಟೇ ಅಗಲದ ಊರು ಅದು. ತುದಿಯಲ್ಲಿ ಸೀತಾ, ಸುವರ್ಣಾ ಎರಡೂ ಕಡಲು ಸೇರುವ ಅಳಿವೆ, ಆಚೆ ದಡದಲ್ಲಿ ಹಂಗಾರಕಟ್ಟೆ. ನಿಜಕ್ಕೂ ಚಂದದ ಜಾಗ, ಎಲ್ಲರೂ ನೋಡಬೇಕು.

ಆದರೆ ಆ ಮರಳು ಮೀನುಗಾರರ ಮನೆಯ ಅಂಗಳ ಇದ್ದ ಹಾಗೆ. ದೋಣಿ ಎಳೆದಿಡುವುದು, ಬಲೆ ಹರಡುವುದು, ಮೀನು ಒಣಗಿಸುವುದು ಎಲ್ಲ ಅಲ್ಲೇ. ನಾನು ಹೋದಾಗ ದಡದಿಂದಲೇ ಎಳೆಯುವ ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಸುತ್ತು ಹಾಕಿ ಬಿಟ್ಟು ಬರುತ್ತಾರೆ, ಆಮೇಲೆ ದಡದಲ್ಲಿ ಎರಡು ಗುಂಪಾಗಿ ನಿಂತು ಎರಡು ತುದಿಯ ಹಗ್ಗ ಹಿಡಿದು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಎಳೆಯುತ್ತಾರೆ. ಎಲ್ಲರದ್ದೂ ಬರಿಗಾಲು. ವಯಸ್ಸಾದ ಒಬ್ಬರು ನಡುವೆ ಹಗ್ಗ ಬಿಟ್ಟು ಕೂತು, ಅಂಗಾಲಿನಿಂದ ಬಿಯರ್ ಬಾಟಲಿಯ ಕಂದು ಚೂರೊಂದನ್ನು ಕಿತ್ತು ತೆಗೆದರು. ಬೇರೆಯವರ ಕಾಲಿಗೆ ಸಿಗಬಾರದು ಅಂತ ಅದನ್ನು ಪಂಚೆಯ ಅಂಚಿನಲ್ಲಿ ಗಂಟು ಹಾಕಿಕೊಂಡು ಮತ್ತೆ ಹಗ್ಗ ಹಿಡಿದರು. ಯಾರಿಗೂ ಬೈಯಲಿಲ್ಲ. ನನಗೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ.

ಬಲೆ ದಡಕ್ಕೆ ಬಂದಾಗ ಬಂಗುಡೆ, ಬೂತಾಯಿ ಚಡಪಡಿಸುತ್ತಿದ್ದವು. ಅಷ್ಟರಲ್ಲಿ ಪ್ರವಾಸಿಗರೊಬ್ಬರು ಚಪ್ಪಲಿ ಹಾಕಿಕೊಂಡೇ ಬಲೆ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಬಲೆ ಹರಿದರೆ ಅದನ್ನು ಕೂತು ಹೆಣೆಯಬೇಕಾದವರು ಯಾರು? ಒಂದು ಮಾತು ಕೇಳಿದ್ದರೆ ಮೀನುಗಾರರೇ ಜಾಗ ಬಿಟ್ಟು ತೋರಿಸುತ್ತಿದ್ದರು, ಹಗ್ಗಕ್ಕೆ ಕೈ ಹಾಕಿ ಅಂತಲೂ ಕರೆಯುತ್ತಿದ್ದರು, ನನ್ನನ್ನು ಕರೆದರಲ್ವಾ!

ಹೋಗುವವರು ದಯವಿಟ್ಟು ಬಾಟಲಿ ಒಯ್ಯಬೇಡಿ, ಕಾರನ್ನು ಮರಳಿಗೆ ಇಳಿಸಬೇಡಿ. ಊಟ ಅಲ್ಲೇ ಮಾಡಿ, ಮೀನು ಅಲ್ಲಿನ ಹೆಂಗಸರ ಹತ್ತಿರವೇ ಕೊಳ್ಳಿ, ಸುಮ್ನೆ ಚೌಕಾಸಿ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ಆ ಮಳೆಗಾಲದಲ್ಲಿ ಈಜಲು ಹೋಗಲೇಬೇಡಿ. ಅಳಿವೆಯ ಹತ್ತಿರವಂತೂ ಯಾವ ಕಾಲದಲ್ಲೂ ಬೇಡ. ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲ ಕಡೆಗೆ ಎಳೆಯುವ ಸೆಳೆತಕ್ಕೆ ಒಳ್ಳೆ ಈಜುಗಾರರೂ ನಿಲ್ಲಲಾರರು.

ಸಂಬಂಧಪಟ್ಟವರಲ್ಲೂ ಒಂದು ಕೋರಿಕೆ. ಊರಿಗಿಂತ ಸ್ವಲ್ಪ ಮೊದಲೇ ಕಾರು ನಿಲ್ಲಿಸಲು ಜಾಗ, ಸರಿಯಾದ ಶೌಚಾಲಯ, ಕಸದ ಬುಟ್ಟಿ ಮತ್ತು ಆ ಬುಟ್ಟಿ ಖಾಲಿ ಮಾಡಲು ಒಬ್ಬ ಮನುಷ್ಯ ಬೇಕು. ಅಳಿವೆಯ ಹತ್ತಿರ ಎಲ್ಲರಿಗೂ ಕಾಣುವಂಥ ಎಚ್ಚರಿಕೆ ಫಲಕವೂ ಇರಲಿ. ಮಳೆಗಾಲ ಕಳೆದು ಜನ ಬರಲು ಶುರುವಾಗುವ ಮುಂಚೆ ಇಷ್ಟಾದರೂ ಮಾಡಿಕೊಡಿ.

– ಒಬ್ಬ ಓದುಗ, ಬೆಂಗಳೂರು